ಇಳಿಸಿದ್ದು ಕಾರನ್ನಾ, ಬುದ್ಧಿಯನ್ನಾ?

ಕಳೆದ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಪೇಪರ್ ಹಿಡಿದು ಜಗಲಿಯಲ್ಲಿ ಕೂತಿದ್ದೆ. ಪಕ್ಕದ ಕೇರಿಯ ಹುಡುಗ ಬಂದ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಅಪ್ಪನ ಹಳೇ ಕಾರು ಈಗ ಇವನ ಕೈಗೆ ಬಂದಿದೆ. ಚಹಾ ಬೇಡ ಅಂದ, ಕೂರೋದೂ ಬೇಡ ಅಂದ. ಆಮೇಲೆ ಮೆಲ್ಲಗೆ,

"ಅಣ್ಣಾ, ನಿಮ್ಮನೇಲಿ ಸ್ಪ್ರಿಂಗ್ ಕಂಪ್ರೆಸರ್ ಇದ್ಯಂತಲ್ಲ, ಎರಡು ದಿನಕ್ಕೆ ಕೊಡ್ತ್ರಾ?" ಅಂದ.

"ಯಾಕೆ?" ಅಂದೆ.

ಲೋವರಿಂಗ್ ಸ್ಪ್ರಿಂಗ್ ತರಿಸಿದ್ದಾನಂತೆ. ಜೊತೆಗೆ ನಾಲ್ಕೂ ಚಕ್ರಕ್ಕೆ ಸ್ಪೇಸರ್. ಮನೆ ಅಂಗಳದಲ್ಲೇ ಗೆಳೆಯನ ಜೊತೆ ಸೇರಿ ಹಾಕ್ತಾನಂತೆ. ವಿಡಿಯೋ ಮೂರ್ನಾಲ್ಕು ಸಲ ನೋಡಿ ಆಗಿದೆಯಂತೆ.

ಕೊಡೋದಿಲ್ಲ ಅಂದೆ. ಹುಡುಗನ ಮುಖ ಸಣ್ಣಗಾಯ್ತು. "ನೀವೂ ಹಾಕಿದ್ರಂತಲ್ಲ ಅಣ್ಣಾ..." ಅಂತ ಹೇಳಿ ಹೊರಟೇ ಹೋದ. ಹೌದು, ನಾನೂ ಹಾಕಿದ್ದೆ. ಅದಕ್ಕೇ ಕೊಡಲಿಲ್ಲ. ಅವತ್ತು ಅವನಿಗೆ ನಿಲ್ಲಿಸಿ ಹೇಳೋಕಾಗದ್ದನ್ನು ಇಲ್ಲಿ ಕೊರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ತಡೆದುಕೊಳ್ಳಿ :-)

ಮೊದಲೇ ನೇರವಾಗಿ ಹೇಳಿಬಿಡ್ತೇನೆ. ನಮ್ಮ ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಕಾರು ಇಳಿಸೋದು ತಪ್ಪು. ಅದನ್ನು ಮನೆ ಅಂಗಳದಲ್ಲಿ ಮಾಡೋದು ಇನ್ನೂ ದೊಡ್ಡ ತಪ್ಪು. "ಈಗಿನ ಹುಡುಗರಿಗೆ ಶೋಕಿ ಜಾಸ್ತಿ" ಅನ್ನೋ ಹಿರಿಯರ ರಾಗ ನನ್ನದಲ್ಲ. ಶೋಕಿ ಇರಲಿ. ಇಪ್ಪತ್ತೈದನೇ ವಯಸ್ಸಿಗೆ ಶೋಕಿ ಇಲ್ಲದೆ ಅರವತ್ತಕ್ಕೆ ಬರುತ್ತಾ? ನನ್ನ ತಕರಾರು ಬೇರೆ. ನಮ್ಮ ಕಡೆ ಕಾರು ಅಂದರೆ ಬರೀ ಕಾರಲ್ಲ. ರಾತ್ರಿ ಎರಡು ಗಂಟೆಗೆ ಅದೇ ಆಂಬುಲೆನ್ಸ್.

*

ನನ್ನ ಕಥೆ ಹೇಳ್ತೇನೆ. 2014ರ ಫೆಬ್ರುವರಿ. ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡು ಆರು ತಿಂಗಳಾಗಿತ್ತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕಾಣೋ ಆ ಸಂದು ನೋಡಿ ನೋಡಿ ಹೊಟ್ಟೆ ಉರೀತಿತ್ತು. ಬೆಕ್ಕು ನುಗ್ಗಿ ಮಲಗಬಹುದು, ಅಷ್ಟು ಜಾಗ! 40 ಮಿಲಿಮೀಟರ್ ಇಳಿಸುವ ಸ್ಪ್ರಿಂಗ್ ತರಿಸಿದೆ. ಅದರ ಜೊತೆ 12 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಸ್ಪೇಸರ್. "ಎಲ್ಲಾ ಕಾರಿಗೂ ಆಗುತ್ತೆ" ಅಂತ ಅದರ ಪೆಟ್ಟಿಗೆ ಮೇಲೇ ಬರೆದಿತ್ತು. ಆ ಒಂದು ಮಾತಿಗೇ ನನಗೆ ಅನುಮಾನ ಬರಬೇಕಿತ್ತು. ಎಲ್ಲಾ ಕಾಲಿಗೂ ಆಗುವ ಚಪ್ಪಲಿ ಯಾರ ಕಾಲಿಗಾದರೂ ಸರಿಯಾಗಿ ಕೂತಿದ್ದುಂಟಾ?

ಹೊನ್ನಾವರದ ಹತ್ತಿರ ನಮ್ಮ ಮೂಲಮನೆ. ಅಂಗಳದಲ್ಲಿ ಕಾರು ನಿಲ್ಲಿಸಿ, ನಾನೂ ಭಾವನೂ ಕೆಲಸ ಶುರು ಮಾಡಿದೆವು. ಜಾಕ್ ಎತ್ತಿದ್ದೇ ಅದರ ಪಾದ ಮಣ್ಣಲ್ಲಿ ಎರಡಿಂಚು ಇಳಿಯಿತು. ಜಾಕ್ ಸ್ಟ್ಯಾಂಡ್ ನಮ್ಮಲ್ಲಿ ಇರಲಿಲ್ಲ. ಬಚ್ಚಲಿನ ಗೋಡೆಗೆಂದು ತಂದು ಉಳಿದಿದ್ದ ಚಿರೇಕಲ್ಲು ಇತ್ತು. ಎರಡೆರಡು ಪೇರಿಸಿ ಕಾರಿನ ಕೆಳಗಿಟ್ಟೆವು. ನಮ್ಮ ಚಿರೇಕಲ್ಲು ಎಂಥದ್ದು ಅಂತ ಕರಾವಳಿಯವರಿಗೆ ಹೇಳಬೇಕಾ? ಮಚ್ಚಿನಲ್ಲಿ ಕೆತ್ತಿದರೆ ಕೆತ್ತಿಸಿಕೊಳ್ಳುತ್ತೆ. ಗೋಡೆಯಲ್ಲಿ ಸಾಲಾಗಿ ಕೂತಾಗ ನೂರು ವರ್ಷ ನಿಲ್ಲುವ ಕಲ್ಲು, ಒಂದು ಉಕ್ಕಿನ ಅಂಚು ಒಂದೇ ಕಡೆ ಒತ್ತಿದರೆ ಹೇಳದೆ ಕೇಳದೆ ಪುಡಿಯಾಗುತ್ತೆ. ಅದರ ಕೆಳಗೆ ಭಾವ ಅಂಗಾತ ಮಲಗಿ ನಟ್ಟು ಬಿಚ್ಚುತ್ತಿದ್ದ. ಈಗ ನೆನೆದರೆ ಮೈ ಜುಂ ಅನ್ನುತ್ತೆ. ಅಕ್ಕನಿಗೆ ಇವತ್ತಿಗೂ ಇದು ಗೊತ್ತಿಲ್ಲ.

ಮುಂದಿನ ಚಕ್ರದ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತ ಕೂತಿರುತ್ತೆ, ಮೇಲೊಂದು ನಟ್ಟು ಅದನ್ನು ಒತ್ತಿ ಹಿಡಿದಿರುತ್ತೆ. ಆ ನಟ್ಟು ಬಿಚ್ಚುವ ಮೊದಲು ಸ್ಪ್ರಿಂಗನ್ನು ಎರಡು ಕಡೆಯಿಂದ ಕಂಪ್ರೆಸರ್ ಹಾಕಿ ಬಿಗಿದು ಗಿಡ್ಡ ಮಾಡಬೇಕು. ಲೆಕ್ಕ ಹಾಕಿ ನೋಡಿ. ಮಿಲಿಮೀಟರಿಗೆ ಎರಡು ಕೆ.ಜಿ. ಬಲ ಬೇಡುವ ಸ್ಪ್ರಿಂಗನ್ನು 15 ಸೆಂಟಿಮೀಟರ್ ಒತ್ತಿದರೆ, ಅದು 300 ಕೆ.ಜಿ. ಬಲದಲ್ಲಿ ವಾಪಸ್ ತಳ್ಳುತ್ತಿರುತ್ತೆ. ಕೊಕ್ಕೆ ಜಾರಿತೋ, ಎರಡೂವರೆ ಕೆ.ಜಿ. ತೂಕದ ಉಕ್ಕಿನ ಸುರುಳಿ ಗಂಟೆಗೆ ನಲವತ್ತೈದು ಐವತ್ತು ಕಿಲೋಮೀಟರ್ ವೇಗದಲ್ಲಿ ಹಾರಬಹುದು. ಶಾಲೆಯಲ್ಲಿ ಓದಿದ ಭೌತಶಾಸ್ತ್ರವೇ ಇದು, ಬೇರೇನಲ್ಲ.

ನಮ್ಮದು ಜಾರಿತು. ಕಂಪ್ರೆಸರಿನ ಒಂದು ಕೊಕ್ಕೆ ಸುರುಳಿಯ ಮೇಲೆ ಮೆಲ್ಲಗೆ ತಿರುಗಿ ಮತ್ತೊಂದರ ಪಕ್ಕಕ್ಕೆ ಬಂದಿದ್ದು ಇಬ್ಬರೂ ನೋಡಲಿಲ್ಲ. ಪಟ್ ಅಂತ ಸದ್ದು. ಸ್ಪ್ರಿಂಗು ನನ್ನ ಕಿವಿಯ ಪಕ್ಕದಿಂದ ಹೋಗಿ ಕೊಟ್ಟಿಗೆಯ ಮಾಡಿಗೆ ಬಡಿದು ಮೂರು ಹಂಚು ಒಡೆಯಿತು. ಅಮ್ಮ ಒಳಗಿನಿಂದ "ಎಂತದ್ರಾ ಅದು, ತೆಂಗಿನಕಾಯಿ ಬಿತ್ತಾ?" ಅಂದಳು. "ಹೂಂ" ಅಂದೆ. ಒಂದು ಗೇಣು ಈಚೆ ಬಂದಿದ್ದರೆ ಹೂಂ ಅನ್ನಲು ನಾನಿರುತ್ತಿರಲಿಲ್ಲ.

ಹುಡುಗ ಎರಡು ದಿನಕ್ಕೆ ಕೇಳಿದ್ದು ಆ ಕಂಪ್ರೆಸರನ್ನೇ!

*

ಅಂತೂ ಹಾಕಿದೆವು. ಚೆಂದ ಕಂಡಿತ್ತು, ಸುಳ್ಳು ಯಾಕೆ ಹೇಳಲಿ? ಕಾರು ನೆಲಕ್ಕೆ ಅಂಟಿದ ಹಾಗೆ, ಚಕ್ರ ಹೊರಗೆ ಬಂದು ಅಗಲ ಎದೆಯ ಪೈಲ್ವಾನನ ಹಾಗೆ. ಕುಮಟಾ ಪೇಟೆಯಲ್ಲಿ ನಾಲ್ಕು ಜನ ತಿರುಗಿ ನೋಡಿದರು. ಜನ್ಮ ಸಾರ್ಥಕ.

ಎರಡು ತಿಂಗಳು ಕಳೆಯಿತು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಹೊನ್ನಾವರದಿಂದ ಕುಮಟಾಕ್ಕೆ ಬರುತ್ತಿದ್ದೆ. ಕರ್ಕಿ ದಾಟಿದ ಮೇಲೆ ಸ್ಟೀರಿಂಗ್ ನಡುಗಲು ಶುರುವಾಯಿತು. ಅಲೈನ್‌ಮೆಂಟ್ ಇರಬೇಕು ಅಂದುಕೊಂಡೆ. ಹಳದೀಪುರ ಬರುವಷ್ಟರಲ್ಲಿ ಟಕ್ ಟಕ್ ಟಕ್. ಇಳಿದು ನೋಡಿದೆ. ಬಲಗಡೆಯ ಮುಂದಿನ ಚಕ್ರ. ನಾಲ್ಕು ನಟ್ಟಿನಲ್ಲಿ ಎರಡು ಬೆರಳಲ್ಲೇ ತಿರುಗಿದವು. ಒಂದು ಸ್ಟಡ್ ಬುಡದಿಂದಲೇ ತುಂಡು. ಉಳಿದ ಒಂದೇ ಒಂದು ನಟ್ಟು ಕಾರನ್ನು ಹಿಡಿದಿತ್ತು. ನಾನು ಹಾಗೇ ಚಕ್ರದ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಾಗ ರಸ್ತೆ ಅಂಚಲ್ಲಿ ಹೆಂಗಸರು ಮಕ್ಕಳು ಸಾಲಾಗಿ ನಡೆದು ಹೋದರು, ಯಾವುದೋ ಮದುವೆಮನೆಗೆ ಹೊರಟವರು. ಒಂದು ಮಗು ನನ್ನನ್ನು ನೋಡಿ ನಕ್ಕಿತು. ಅರವತ್ತರ ವೇಗದಲ್ಲಿ ಕಳಚಿದ ಚಕ್ರ ಯಾರ ಕಡೆ ಹೋಗುತ್ತೆ ಅಂತ ಡ್ರೈವರ್ ನಿರ್ಧರಿಸೋಕಾಗಲ್ಲ.

ಯಾಕೆ ಹೀಗಾಯ್ತು? ಆಮೇಲೆ ಕೂತು ಅರ್ಥ ಮಾಡಿಕೊಂಡೆ. ನೀವೂ ಅರ್ಥ ಮಾಡಿಕೊಳ್ಳಿ.

ಸ್ವಿಫ್ಟಿನ ಹಬ್ಬಿನ ನಡುವೆ 54.1 ಮಿಲಿಮೀಟರಿನ ಉಬ್ಬು ಇರುತ್ತೆ. ಚಕ್ರದ ನಡುತೂತು ಅದರ ಮೇಲೆ ಬಿಗಿಯಾಗಿ ಕೂತರೆ ಚಕ್ರ ನಟ್ಟ ನಡುವೆ ನಿಲ್ಲುತ್ತೆ. ಎಲ್ಲಾ ಕಾರಿಗೂ ಆಗುವ ಸ್ಪೇಸರಿನ ತೂತು ದೊಡ್ಡದು. ಅದು ಉಬ್ಬನ್ನು ಹಿಡಿಯೋದೂ ಇಲ್ಲ, ಅದರ ಮೇಲೆ ಕೂತ ಚಕ್ರಕ್ಕೆ ಉಬ್ಬು ಸಿಗೋದೂ ಇಲ್ಲ. ಚಕ್ರವನ್ನು ನಡುವೆ ನಿಲ್ಲಿಸುವ ಕೆಲಸವೂ ಸ್ಟಡ್ ನಟ್ಟುಗಳ ತಲೆಗೇ ಬರುತ್ತೆ. ಬಿಗಿಯುವಾಗ ಕೂದಲೆಳೆ ಆಚೀಚೆ ಆದರೂ ನಡುಕ ಶುರು.

ಎರಡನೇದು ಹಿಡಿತ. ಸ್ಟಡ್ಡಿನ ದಪ್ಪ 12 ಮಿಲಿಮೀಟರ್, ಒಂದು ಸುತ್ತಿಗೆ ನಟ್ಟು ಒಂದೂಕಾಲು ಮಿಲಿಮೀಟರ್ ಒಳಗೆ ಹೋಗುತ್ತೆ. ಸ್ಟಡ್ ಎಷ್ಟು ದಪ್ಪವೋ ಕಡೇ ಪಕ್ಷ ಅಷ್ಟು ಉದ್ದ ನಟ್ಟು ಹಿಡಿದಿರಬೇಕು ಅನ್ನೋದು ಕೆಲಸ ಬಲ್ಲವರ ಲೆಕ್ಕ. ಅಂದರೆ ಒಂಬತ್ತು ಹತ್ತು ಸುತ್ತು. ನಾನು ಹಳೇ ಸ್ಟಡ್ಡೇ ಇಟ್ಟುಕೊಂಡು 12 ಮಿಲಿಮೀಟರಿನ ಸ್ಪೇಸರ್ ತುರುಕಿದ್ದೆ. ಒಂಬತ್ತೂವರೆ ಸುತ್ತು ಅಲ್ಲಿಗೇ ಹೋಯ್ತು. ಅಲಾಯ್ ಚಕ್ರದ ದಪ್ಪ ಕಳೆದು ಉಳಿದದ್ದು ಆರು ಸುತ್ತೂ ಇಲ್ಲ. ಪಾನಾ ಮೇಲೆ ಕಾಲಿಟ್ಟು ತುಳಿದು ಬಿಗಿದಿದ್ದೆ, ಅದೇ ನನ್ನ ಟಾರ್ಕ್ ರೆಂಚು! ಹಾಗೆ ಬಿಗಿದರೆ ಒಂದು ಸಡಿಲ, ಒಂದು ಅತಿ ಬಿಗಿ, ಒಂದು ಆಗಲೇ ಎಳೆದು ಸೋತಿರುತ್ತೆ.

ಮೂರನೇದು ನಮ್ಮೂರಿನ ಗಾಳಿ. ಉಕ್ಕಿನ ಹಬ್ಬು, ನಡುವೆ ಅಲ್ಯೂಮಿನಿಯಂ ತಟ್ಟೆ, ಆಮೇಲೆ ಚಕ್ರ. ಒಂದು ಕೂಡು ಇದ್ದ ಕಡೆ ಈಗ ಎರಡು ಕೂಡು. ಅದರ ಸಂದಿಯಲ್ಲಿ ತುಕ್ಕು, ಕೆಂಪು ಧೂಳು, ಸಮುದ್ರದ ಉಪ್ಪು. ಎರಡು ಬೇರೆ ಲೋಹ ಉಪ್ಪುನೀರಲ್ಲಿ ಒಂದಕ್ಕೊಂದು ತಾಗಿ ಕೂತರೆ ಅಲ್ಯೂಮಿನಿಯಂ ಕರಗಿ ಬಿಳಿ ಹಿಟ್ಟಾಗುತ್ತಾ ಹೋಗುತ್ತೆ. ನಮ್ಮ ಕಡೆ ಕಿಟಕಿಯ ಸರಳು ಕೂಡ ತುಕ್ಕಿಗೆ ಉಬ್ಬುತ್ತೆ, ಚಕ್ರದ ಸಂದು ಬಿಡುತ್ತಾ? ಕೂಡಿನಲ್ಲಿ ಕೊಳೆ ಇದ್ದರೆ ಅದು ಓಡುತ್ತಾ ಓಡುತ್ತಾ ಅಮುಕಿಕೊಳ್ಳುತ್ತೆ, ಅಷ್ಟು ನಟ್ಟು ಸಡಿಲ. ಅದಕ್ಕೇ ಚಕ್ರ ಬಿಚ್ಚಿ ಹಾಕಿದ ಐವತ್ತು ನೂರು ಕಿಲೋಮೀಟರಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿದು ನೋಡಬೇಕು ಅನ್ನೋದು. ನಾನು ನೋಡಿರಲಿಲ್ಲ.

ಸ್ಪೇಸರ್ ಅವತ್ತೇ ಕಿತ್ತೆಸೆದೆ. ಆದರೆ ಸ್ಪ್ರಿಂಗ್ ತೆಗೆಯಲಿಲ್ಲ. ಚೆಂದ ಕಾಣ್ತಿತ್ತಲ್ಲ...

*

ಜುಲೈ ತಿಂಗಳು, ರಾತ್ರಿ ಹನ್ನೊಂದು. ಅಪ್ಪಯ್ಯ ಬಚ್ಚಲಲ್ಲಿ ಜಾರಿ ಬಿದ್ದ. ಸೊಂಟದ ಹತ್ತಿರ ಮೂಳೆ ಮುರಿದಿದೆ ಅಂತ ಊರಿನ ಡಾಕ್ಟರು ಹೇಳಿದರು, ಮಣಿಪಾಲಕ್ಕೆ ಒಯ್ಯಿರಿ ಅಂದರು. ಆಂಬುಲೆನ್ಸಿಗೆ ಕೇಳಿದೆವು, ಇದ್ದದ್ದು ಬೇರೆ ರೋಗಿಯನ್ನು ಕರೆದುಕೊಂಡು ಹೋಗಿತ್ತು. ಇನ್ನೇನು, ಸ್ವಿಫ್ಟ್.

ಹೊನ್ನಾವರದಿಂದ ಮಣಿಪಾಲಕ್ಕೆ ನೂರಿಪ್ಪತ್ತು ನೂರಮೂವತ್ತು ಕಿಲೋಮೀಟರ್. ಹಿಂದಿನ ಸೀಟಲ್ಲಿ ಅಪ್ಪಯ್ಯನನ್ನು ಅರೆ ಮಲಗಿಸಿ ಅಮ್ಮನೂ ಭಾವನೂ ಹಿಡಿದುಕೊಂಡಿದ್ದರು. ಮುಂದೆ ನಾನು, ಪಕ್ಕದಲ್ಲಿ ಚಿಕ್ಕಪ್ಪ. ಡಿಕ್ಕಿಯಲ್ಲಿ ಹಾಸಿಗೆ, ಚೀಲ. ಐದು ಜನ. ಶರಾವತಿ ಸೇತುವೆ ದಾಟಿ ಕಾಸರಕೋಡು ಬರುವಷ್ಟರಲ್ಲೇ ಗೊತ್ತಾಯಿತು. ಹೊಂಡ ಬಂದಾಗಲೆಲ್ಲ ಧಡ್! ಸ್ಪ್ರಿಂಗಿಗೆ ಇಳಿಯಲು ಜಾಗವೇ ಉಳಿದಿರಲಿಲ್ಲ. ನೇರ ರಬ್ಬರ್ ತುಂಡಿಗೆ ಬಡಿಯುತ್ತಿತ್ತು. ಮಂಕಿ, ಶಿರಾಲಿ, ಭಟ್ಕಳ, ಬೈಂದೂರು... ಮಳೆನೀರು ತುಂಬಿದ ಹೊಂಡ ಯಾವುದು, ರಸ್ತೆ ಯಾವುದು ಗೊತ್ತಾಗುತ್ತಿರಲಿಲ್ಲ. ಧಡ್ ಅಂದಾಗಲೆಲ್ಲ ಅಪ್ಪಯ್ಯ ಹಲ್ಲು ಕಚ್ಚಿಕೊಂಡು "ಹ್ಮ್" ಅನ್ನುತ್ತಿದ್ದ. ಕೂಗಲಿಲ್ಲ, ಬೈಯಲಿಲ್ಲ. ಮರವಂತೆ ಹತ್ತಿರ ಇರಬೇಕು, ಒಮ್ಮೆ ಮಾತ್ರ ಕೇಳಿದ,

"ತಮಾ, ಈ ಕಾರು ಮೊದಲು ಹೀಗಿರಲಿಲ್ಲ ಅಲ್ದಾ?"

ನಾನು ಏನೂ ಹೇಳಲಿಲ್ಲ. ಭಾವನೂ ಹೇಳಲಿಲ್ಲ.

ಅಪ್ಪಯ್ಯ ಆಪರೇಶನ್ ಆಗಿ ಚೆನ್ನಾಗೇ ಎದ್ದು ಓಡಾಡಿದ. ಆ ಮಾತನ್ನು ಅವನು ಮರೆತ. ನಾನು ಮರೆತಿಲ್ಲ. ಆಗಸ್ಟ್‌ನಲ್ಲಿ ಹಳೇ ಸ್ಪ್ರಿಂಗು ವಾಪಸ್ ಹಾಕಿಸಿದೆ, ಗ್ಯಾರೇಜಿನಲ್ಲಿ.

*

ಈಗ ವಾದಗಳಿಗೆ ಬರೋಣ. ಹುಡುಗರು ಹೇಳೋದೆಲ್ಲ ನನಗೆ ಗೊತ್ತು, ನಾನೂ ಅದನ್ನೇ ಹೇಳ್ತಿದ್ದೆ.

"ಇಳಿಸಿದರೆ ಹ್ಯಾಂಡ್ಲಿಂಗ್ ಚೆನ್ನಾಗಿರುತ್ತೆ." ನುಣುಪಾದ ರಸ್ತೆಯಲ್ಲಿ ಹೌದು, ತಿರುವಿನಲ್ಲಿ ಕಾರು ಕಮ್ಮಿ ವಾಲುತ್ತೆ. ಒಪ್ಪಿದೆ. ಆದರೆ ಚಕ್ರ ನೆಲ ಬಿಟ್ಟರೆ ಯಾವ ಹ್ಯಾಂಡ್ಲಿಂಗು? ಕಾರು ನಿಂತಾಗ ಸ್ಪ್ರಿಂಗಿಗೆ ಇನ್ನೂ ಕೆಳಗಿಳಿಯಲು 8 ಸೆಂಟಿಮೀಟರ್ ಜಾಗ ಇದೆ ಅಂತಿಟ್ಟುಕೊಳ್ಳಿ. 4 ಇಳಿಸಿದಿರಿ, ಉಳಿದದ್ದು 4. ಹೊಂಡ ಅದೇ, ವೇಗ ಅದೇ, ಪೆಟ್ಟು ಅರಗಿಸಿಕೊಳ್ಳುವ ದೂರ ಅರ್ಧ. ಅಂದಮೇಲೆ ಬಲ ದುಪ್ಪಟ್ಟು. ಆ ಬಲ ಸ್ಪ್ರಿಂಗ್ ತಿನ್ನದಿದ್ದರೆ ಶಾಕ್ ತಿನ್ನಬೇಕು, ಬುಶ್ ತಿನ್ನಬೇಕು, ಇಲ್ಲಾ ಹಿಂದಿನ ಸೀಟಲ್ಲಿ ಕೂತವರ ಬೆನ್ನು ತಿನ್ನಬೇಕು. ದೇವಿಮನೆ ಘಾಟಿಯಲ್ಲೋ ಗೇರುಸೊಪ್ಪೆ ಘಾಟಿಯಲ್ಲೋ ಮಳೆಗಾಲದಲ್ಲಿ ತಿರುವಿನ ನಡುವೆಯೇ ಹೊಂಡ ಸಿಕ್ಕರೆ, ಗಟ್ಟಿ ಸ್ಪ್ರಿಂಗಿನ ಕಾರು ಜಿಗಿಯುತ್ತೆ. ಪಕ್ಕದಲ್ಲಿ ಪ್ರಪಾತ.

ಎಬಿಎಸ್ ಇಲ್ಲದ ಕೆಲವು ಹಳೇ ಕಾರುಗಳಲ್ಲಿ ಇನ್ನೊಂದು ಅಪಾಯ ಇದೆ. ಹಿಂದಿನ ಆಕ್ಸಲಿಗೂ ಬಾಡಿಗೂ ನಡುವೆ ಒಂದು ಕಡ್ಡಿ ಕಟ್ಟಿದ ವಾಲ್ವ್ ಇರುತ್ತೆ. ಬಾಡಿ ಕೆಳಗಿಳಿದರೆ "ಹಿಂದೆ ಜನ ಕೂತಿದ್ದಾರೆ" ಅಂತ ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತೆ. ನೀವು ಸ್ಪ್ರಿಂಗ್ ಇಳಿಸಿದರೆ ಖಾಲಿ ಕಾರಿನಲ್ಲೂ ಅದು ಜನ ಕೂತಿದ್ದಾರೆ ಅಂತಲೇ ತಿಳಿಯುತ್ತೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ನಿಂತರೆ ಕಾರಿನ ಮುಖ ಬಂದ ದಾರಿಗೇ ತಿರುಗುತ್ತೆ. ಯಾವ ವಿಡಿಯೋದಲ್ಲಿ ಇದನ್ನು ಹೇಳಿದ್ದಾರೆ?

"ಜರ್ಮನಿಯಲ್ಲಿ ಎಲ್ಲರೂ ಹಾಕ್ತಾರೆ." ಹಾಕ್ತಾರೆ. ಅಲ್ಲಿ ಸ್ಪ್ರಿಂಗು ಸ್ಪೇಸರು ಯಾವ ಕಾರಿಗೆ, ಯಾವ ಟಯರಿಗೆ ಅಂತ ಪರೀಕ್ಷೆ ಮಾಡಿದ ಕಾಗದದ ಜೊತೆ ಬರುತ್ತೆ. ಟ್ಯೂಫ್‌ನಂಥ ಪರೀಕ್ಷಾ ಸಂಸ್ಥೆಗಳಿವೆ. ಎಷ್ಟೋ ಬದಲಾವಣೆಗಳನ್ನು ಅವರು ಕಾರಿನ ಕೆಳಗೆ ನುಗ್ಗಿ ನೋಡಿ ಒಪ್ಪಬೇಕು. ನನ್ನದೊಬ್ಬ ಭಟ್ಕಳದ ಗೆಳೆಯ ದುಬೈನಲ್ಲಿದ್ದಾನೆ, ನನಗಿಂತ ದೊಡ್ಡ ಕಾರು ಹುಚ್ಚ. ರಜೆಗೆ ಬಂದಾಗ ಇಲ್ಲಿನ ಕಾರನ್ನು ಯಾಕೆ ಇಳಿಸಿಲ್ಲ ಅಂತ ಕೇಳಿದೆ. "ಅಲ್ಲಿ ರಸ್ತೆ ಕನ್ನಡಿ ಮಾರಾಯ, ಆದ್ರೂ ಪರ್ಮಿಶನ್ ಬೇಕು. ಇಲ್ಲಿ ಪರ್ಮಿಶನ್ ಕೇಳೋರಿಲ್ಲ, ಆದ್ರೆ ರಸ್ತೆಯೂ ಇಲ್ವಲ್ಲ" ಅಂದ. ನಾವು ಜರ್ಮನಿಯಿಂದ ಫೋಟೋ ಮಾತ್ರ ತಗೊಂಡಿದ್ದೇವೆ, ಕಾಗದ ತಗೊಂಡಿಲ್ಲ.

"ಆರ್‌ಸಿಯಲ್ಲಿ ಎತ್ತರ ಬರೆದಿಲ್ಲವಲ್ಲ." ಬುದ್ಧಿವಂತರ ವಾದ ಇದು. ಕಾನೂನು ಏನನ್ನುತ್ತೆ ಅಂತ ಹೇಳಿಬಿಡ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೆ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಭಾಗ ಹಾಕಿ ವಾಹನ ಬದಲಾಯಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಸ್ಪ್ರಿಂಗು ಇದರಲ್ಲಿ ಬರುತ್ತೋ ಇಲ್ಲವೋ ಅಂತ ನೀವು ವಕೀಲರನ್ನಿಟ್ಟು ವಾದ ಮಾಡಬಹುದು. ಅಪಘಾತ ಆದ ಮೇಲೆ ವಿಮೆಯವರೂ ತಮ್ಮ ವಾದ ಮಾಡ್ತಾರೆ, ಅದೂ ಗೊತ್ತಿರಲಿ. ಆದರೆ ನನ್ನ ಜಗಳ ಕಾನೂನಿನದ್ದಲ್ಲ. ಆರ್‌ಟಿಓ ನೋಡಲಿಲ್ಲ ಅಂತ ಸ್ಟಡ್ ಗಟ್ಟಿಯಾಗೋದಿಲ್ಲ.

"ನನ್ನ ಕಾರು, ನನ್ನ ದುಡ್ಡು, ನನ್ನ ಜೀವ." ಕಾರು ನಿಮ್ಮದು, ಒಪ್ಪಿದೆ. ಚಕ್ರ ಕಳಚಿದ ಮೇಲೆ ಅದು ಯಾರದ್ದು? ಅಷ್ಟು ದೂರ ಬೇಡ. ಸ್ಪೇಸರ್ ಹಾಕಿದರೆ ಟಯರು ಮಡ್‌ಗಾರ್ಡಿನಿಂದ ಹೊರಗೆ ಇಣುಕುತ್ತೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಆ ಕೆಸರು, ಆ ಜಲ್ಲಿಕಲ್ಲು ಪಕ್ಕದಲ್ಲಿ ಬರುವ ಸ್ಕೂಟಿಯವಳ ಮುಖಕ್ಕೆ, ಬಸ್ಸಿಗೆ ಕಾಯುವ ಮಕ್ಕಳ ಯೂನಿಫಾರ್ಮಿಗೆ. ಅವರ ಒಪ್ಪಿಗೆ ಯಾರು ಕೇಳಿದ್ದಾರೆ?

"ಮೊದಲು ರಸ್ತೆ ಸರಿ ಮಾಡಿಸಿ, ಆಮೇಲೆ ನಮಗೆ ಹೇಳಿ." ಇದೊಂದು ಮಾತಿಗೆ ನಾನು ತಲೆ ಬಾಗ್ತೇನೆ. ನಮ್ಮ ಹಂಪುಗಳನ್ನೇ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಅಳತೆ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ದಿಬ್ಬ, ಗಂಟೆಗೆ 25 ಕಿಲೋಮೀಟರಿನಲ್ಲಿ ಆರಾಮಾಗಿ ದಾಟಬಹುದಾದದ್ದು. ನಮ್ಮ ಊರರಸ್ತೆಗಳಲ್ಲಿ ಸಿಗೋದು ಒಂದು ಮೊಳ ಅಗಲದ ಗೋಡೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಅದನ್ನು ಹಾಕಿದವರನ್ನು ಕೇಳೋರೇ ಇಲ್ಲ, ಹುಡುಗನಿಗೆ ಮಾತ್ರ 5000 ರೂಪಾಯಿ! ಸಿಟ್ಟು ಬರೋದು ನ್ಯಾಯವೇ.

ಆದರೆ ಲೆಕ್ಕ ಯಾರ ಮಾತೂ ಕೇಳೋದಿಲ್ಲ. ಸಣ್ಣ ಕಾರಿನ ಹೊಟ್ಟೆಗೂ ನೆಲಕ್ಕೂ ಸುಮಾರು 17 ಸೆಂಟಿಮೀಟರ್. ಐದು ಜನ, ಸಾಮಾನು ತುಂಬಿದರೆ ನಾಲ್ಕೈದು ಸೆಂಟಿಮೀಟರ್ ಕುಸಿಯುತ್ತೆ. ಉಳಿದದ್ದು 12. ಅದರಲ್ಲಿ ನೀವು 4 ತೆಗೆದರೆ 8. ಹಂಪು 10. ರಸ್ತೆ ಕೆಟ್ಟದ್ದು ಅನ್ನೋದು ಕಾರು ಎತ್ತರ ಇಡೋದಕ್ಕೆ ಕಾರಣವಾಗುತ್ತೆ, ಇಳಿಸೋದಕ್ಕೆ ಹೇಗೆ ಕಾರಣವಾಗುತ್ತೆ? ಇನ್ನು ನೀರು. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ರಾತ್ರಿಯ ಮಳೆಗೆ ಪೇಟೆಯೂ ಹೆದ್ದಾರಿಯೂ ಮುಳುಗಿತ್ತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. ಅಂಥ ರಾತ್ರಿ ಮನೆಯವರನ್ನು ಕೂರಿಸಿಕೊಂಡು ಹೊರಡಬೇಕಾದಾಗ ಇಂಜಿನ್ ಗಾಳಿ ಎಳೆಯುವ ಬಾಯಿ ನಾಲ್ಕು ಸೆಂಟಿಮೀಟರ್ ಕೆಳಗಿರೋದು ಶೋಕಿ ಅಲ್ಲ.

*

ನಮ್ಮ ಜಿಲ್ಲೆಯವರು ಎಷ್ಟು ವರ್ಷದಿಂದ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಬಾಯಿ ಬಡಿದುಕೊಂಡಿದ್ದಾರೆ ಅಂತ ನಿಮಗೆ ಗೊತ್ತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ, ಒದ್ದೆ ರಸ್ತೆಯಲ್ಲಿ ಜಾರಿ ಉರುಳಿ ನಾಲ್ಕು ಜನ ತೀರಿಕೊಂಡರು. ಆ ವಿಡಿಯೋ ನಾವೆಲ್ಲ ನೋಡಿದ್ದೇವೆ. ಅದಾದ ಮೇಲೆ ಕೂಗು ಇನ್ನೂ ಜೋರಾಯಿತು. ಒಂದು ಎದೆನೋವು, ಒಂದು ಕಷ್ಟದ ಹೆರಿಗೆ, ಒಂದು ಮುರಿದ ಸೊಂಟ ಬಂದರೆ ನಾವು ಓಡೋದು ಕುಂದಾಪುರ, ಮಣಿಪಾಲ, ಮಂಗಳೂರಿಗೆ. ಓಡೋದು ಕೇರಿಯಲ್ಲಿ ಯಾರ ಮನೆ ಮುಂದೆ ಕಾರು ನಿಂತಿದೆಯೋ ಅದರಲ್ಲಿ.

ಅದಕ್ಕೇ ಹೇಳಿದ್ದು, ಇಲ್ಲಿ ಕಾರು ಒಬ್ಬನದ್ದಲ್ಲ ಅಂತ. ಪಕ್ಕದ ಮನೆ ಅಜ್ಜಿ ಬಾಗಿಲು ಬಡಿದರೆ "ನನ್ನ ಕಾರು ಇಳಿಸಿದ್ದೇನೆ ಅಜ್ಜೀ, ಹಿಂದೆ ಮೂರು ಜನ ಕೂತರೆ ಟಯರ್ ಉಜ್ಜುತ್ತೆ" ಅಂತ ಹೇಳೋಕಾಗುತ್ತಾ? ಸಂದು ಅಂತ ನಾವು ಬೈಯುವ ಆ ಜಾಗ ಇದೆಯಲ್ಲ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ, ಅದು ಆ ಅಜ್ಜಿಗಾಗಿ ಬಿಟ್ಟ ಜಾಗ.

ಕಾರು ಚೆಂದ ಓಡಬೇಕಾ? ಒಳ್ಳೇ ಟಯರ್ ಹಾಕಿಸಿ. ಸವೆದ ಬುಶ್, ಸೋತ ಶಾಕ್ ಬದಲಾಯಿಸಿ, ಅಲೈನ್‌ಮೆಂಟ್ ಮಾಡಿಸಿ. ನಮ್ಮ ರಸ್ತೆಯಲ್ಲಿ ಅರ್ಧ ಕಾರುಗಳು ಸತ್ತ ಶಾಕಿನಲ್ಲೇ ಓಡ್ತಿರ್ತವೆ. ಹೊಸದು ಹಾಕಿ ನೋಡಿ, ಬೇರೆ ಕಾರೇ ಅನ್ಸುತ್ತೆ. ಈಗಾಗಲೇ ಸ್ಪೇಸರ್ ಹಾಕಿದವರು ಇವತ್ತೇ ಚಕ್ರ ಬಿಚ್ಚಿ ಸ್ಟಡ್ ನೋಡಿ, ನಟ್ಟು ಎಷ್ಟು ಸುತ್ತು ಹಿಡಿಯುತ್ತೆ ಅಂತ ಎಣಿಸಿ. ನಡುತೂತು ಹಬ್ಬಿನ ಮೇಲೆ ಬಿಗಿಯಾಗಿ ಕೂರದಿದ್ದರೆ ವಾಪಸ್ ಹಾಕಲೇಬೇಡಿ. ಗ್ರೈಂಡರಿನಲ್ಲಿ ಸ್ಪ್ರಿಂಗ್ ಕತ್ತರಿಸಿದವರು, ಗ್ಯಾಸ್ ಹಿಡಿದು ಕಾಯಿಸಿ ಕುಗ್ಗಿಸಿದವರು ದಯವಿಟ್ಟು ಹೊಸ ಸ್ಪ್ರಿಂಗು ಕೊಳ್ಳಿ. ಕಾಯಿಸಿದ ಉಕ್ಕಿನ ಹದ ಹೋಗಿರುತ್ತೆ, ಯಾವತ್ತು ಮುರಿಯುತ್ತೆ ಹೇಳೋಕಾಗಲ್ಲ. ಮತ್ತೆ ಏನೇ ಮಾಡಿ, ಬರೀ ಜಾಕ್ ಮೇಲೆ, ಚಿರೇಕಲ್ಲ ಮೇಲೆ ನಿಂತ ಕಾರಿನ ಕೆಳಗೆ ನುಗ್ಗಬೇಡಿ.

ಮೊನ್ನೆ ಸಂಜೆ ಆ ಹುಡುಗ ಮತ್ತೆ ಸಿಕ್ಕಿದ್ದ, ಅಂಗಡಿ ಹತ್ತಿರ. ಮುಖ ಇನ್ನೂ ಸ್ವಲ್ಪ ಉಬ್ಬಿಕೊಂಡೇ ಇತ್ತು. ಸ್ಪ್ರಿಂಗ್ ಇನ್ನೂ ಹಾಕಿಲ್ಲವಂತೆ, ಬೇರೆ ಕಡೆ ಕಂಪ್ರೆಸರ್ ಹುಡುಕ್ತಿದ್ದಾನಂತೆ. ಭಾನುವಾರ ಮನೆಗೆ ಬಾ ಅಂದಿದ್ದೇನೆ. ಅವತ್ತು ತುಂಡಾದ ಸ್ಟಡ್ ಇನ್ನೂ ನನ್ನ ಟೂಲ್ ಡಬ್ಬಿಯಲ್ಲಿದೆ, ಅದನ್ನು ಅವನ ಕೈಯಲ್ಲಿ ಇಡ್ತೇನೆ. ಆಮೇಲೆ ಅವನ ಇಷ್ಟ.

ಕಂಪ್ರೆಸರ್ ಮಾತ್ರ ಕೊಡೋದಿಲ್ಲ. ಟಾರ್ಕ್ ರೆಂಚ್ ಬೇಕಾದರೆ ಯಾರು ಬೇಕಾದರೂ, ಯಾವಾಗ ಬೇಕಾದರೂ ಬಂದು ಒಯ್ಯಬಹುದು. ವಾಪಸ್ ತಂದುಕೊಟ್ಟರೆ ಸಾಕು :-)